ಎಡೆಗೆ ಬಂದವರು ಹಡಗಿಗೆ ಉಳಿದರು

ಒಳ್ಳೆಯ ಸುದ್ದಿಗೆ ನಡವಳಿಕೆ ಸಾಲದು ಎಂಬುದು ನನ್ನ ಅನುಭವ. ಕೆಟ್ಟ ಸುದ್ದಿಯಾದರೆ ಪಾಪ, ಬಾಗಿಲಲ್ಲಿ ನಿಂತು ಕೆಮ್ಮುತ್ತದೆ, ಒಂದು ಲೋಟ ನೀರು ಕೇಳುತ್ತದೆ, ‘ಗಾಬರಿ ಮಾಡ್ಕೋಬೇಡಿ’ ಎಂದು ಪೀಠಿಕೆ ಹಾಕಿ ಆಮೇಲೆ ಬಾಯಿ ಬಿಡುತ್ತದೆ. ಒಳ್ಳೆಯ ಸುದ್ದಿ ಮಾತ್ರ ಎಣ್ಣೆ ಕಾದಿರುವ ಹೊತ್ತನ್ನೇ ನೋಡಿಕೊಂಡು ನುಗ್ಗುತ್ತದೆ. ನಮ್ಮ ಮನೆಗೆ ಹಡಗಿನ ಸುದ್ದಿ ಬಂದಾಗ ನಾನು ಪಿತೃಪಕ್ಷದ ಎಡೆಗೆ ವಡೆ ತಟ್ಟುತ್ತಿದ್ದೆ. ಕೈಯೆಲ್ಲ ಹಿಟ್ಟು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಮದ್ದೂರಿನ ಸೊಸೆಯಾಗಿ ವಡೆ ಸೀಯಿಸಿದಳು ಎನ್ನುವ ಮಾತು ಹಿರಿಯರ ಎದುರಿಗೆ ಬೇಡ ಎಂದು ನಾನು ಬಾಣಲೆ ಬಿಟ್ಟು ಏಳಲಿಲ್ಲ. ಭಗವಂತ ದೊಡ್ಡವನು, ಕೊನೆಯ ವಡೆ ಎಣ್ಣೆಯಿಂದ ಎದ್ದ ಮೇಲೂ ಫೋನು ಬಡಿದುಕೊಳ್ಳುತ್ತಿತ್ತು.

ನಮ್ಮ ಪದ್ಧತಿಯಲ್ಲಿ ಎಡೆ ಎಂದರೆ ಸುಮ್ಮನೆ ಊಟ ಬಡಿಸಿಡುವುದಲ್ಲ. ತೀರಿಕೊಂಡವರ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಆಚೆ ಬಂದು ಬಾಗಿಲು ಮುಂದಕ್ಕೆ ಹಾಕಿಕೊಳ್ಳಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಿ, ಎಲೆಯನ್ನು ಒಂದಿಷ್ಟು ಕದಲಿಸಿ, ‘ಉಂಡು ಹೋಗಿ, ಬರೋ ವರ್ಷ ಬನ್ನಿ’ ಎಂದು ಬಾಯಿಬಿಟ್ಟು ಹೇಳಿ ಕಳಿಸಿಕೊಡಬೇಕು. ಕರೆಯುವುದು ಮಗನ ಕೆಲಸ, ಕಳಿಸುವುದು ಸೊಸೆಯ ಕೆಲಸ. ಬದುಕಿರುವ ನೆಂಟರ ವಿಷಯದಲ್ಲೂ ಅದು ಹಾಗೇ ತಾನೆ! ಆ ದಿನ ಮಾವನವರ ಎಲೆಯಲ್ಲಿ ವಡೆ, ಕಜ್ಜಾಯ, ಪಾಯಸದ ಜೊತೆಗೆ ಅವರ ನಶ್ಯದ ಡಬ್ಬಿಯನ್ನೂ ಇಟ್ಟಿದ್ದೆ. ಬಾಗಿಲು ಹಾಕಿಕೊಂಡು ಜಗಲಿಯಲ್ಲಿ ಕೂತ ಮೇಲೆ ಫೋನೆತ್ತಿದೆ.

ಮಾಡಿದವನು ನನ್ನ ತಮ್ಮ ನಾಗರಾಜ. ಮಂಡ್ಯದಲ್ಲಿ ಅವನದೊಂದು ಸಣ್ಣ ಟ್ರಾವೆಲ್ಸ್. ಮಿನಿಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ದೇವಸ್ಥಾನ ಸುತ್ತಿಸುತ್ತಾನೆ.

“ಅಕ್ಕಾ, ಕುಂತಿದ್ದೀಯಾ? ಹಡಗು ಕಣಕ್ಕಾ, ಹಡಗು! ಕೊಚ್ಚಿಯಿಂದ ಹೊರಡೋದು. ಮಂಡಿ ನೋವಿನವರದ್ದೇ ಒಂದು ಗುಂಪು ಮಾಡಿದ್ದೀನಿ. ನೀನೂ ನಿಮ್ಮತ್ತೆನೂ ನನ್ನ ಕಡೆಯಿಂದ.”

“ಅಷ್ಟು ಸುಲಭಕ್ಕೆ ನೀನು ಏನೂ ಕೊಡೋನಲ್ಲ. ಕೆಲಸ ಏನು ಹೇಳು.”

“ಹಡಗಿನ ಒಳಗೆ ಲಿಫ್ಟದೆ, ಚಿಂತೆ ಇಲ್ಲ. ಅದು ನಿಂತ ಕಡೆ ದಡಕ್ಕಿಳಿದು ಊರು ನೋಡ್ಕೊಂಡು ಬರಬೇಕಲ್ಲ, ಅದಕ್ಕೊಂದು ಯೋಜನೆ ಬೇಕು. ಯಾರನ್ನ ಇಳಿಸೋದು, ಯಾವುದರಲ್ಲಿ ಇಳಿಸೋದು, ಎಲ್ಲಿ ಮೆಟ್ಟಿಲು, ಎಲ್ಲಿ ಕಕ್ಕಸು, ಎಲ್ಲಿ ನೆರಳು. ಗಾಲಿ ಕುರ್ಚಿ ತಳ್ಳಿ ನಿನಗೆ ಅಭ್ಯಾಸ ಅದೆಯಲ್ಲ, ನೀನೇ ಕುಂತು ಬರೀ.”

ನಿಜ, ಗಾಲಿ ಕುರ್ಚಿಗೂ ನನಗೂ ಹಳೆಯ ನಂಟು. ಮೊದಲು ಮಾವನವರಿಗೆ ಲಕ್ವ ಹೊಡೆದಾಗ ಬಂದದ್ದು. ಅವರು ಹೋದ ಮೇಲೆ ಅತ್ತೆಯ ಮಂಡಿಗಳು ಅದನ್ನು ಉತ್ತರಾಧಿಕಾರದಲ್ಲಿ ಪಡೆದವು. ಆದರೆ ಸಮುದ್ರವನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ. ಅದನ್ನು ಹೇಳೋಣ ಎನ್ನುವಷ್ಟರಲ್ಲಿ ಅತ್ತೆ ದೇವೀರಮ್ಮ, “ಏನಂತೆ? ಏನಂತೆ?” ಎಂದು ಸೆರಗೆಳೆದರು. “ಹಡಗಂತೆ” ಎಂದೆ. “ಅಯ್ಯೋ ನನ್ನವ್ವಾ!” ಎಂದು ಅವರು ಕೂಗಿದ್ದಕ್ಕೆ ಪಕ್ಕದ ಮನೆ ಸಾಕಮ್ಮ ಯಾರೋ ಹೋದರೆಂದು ಓಡಿ ಬಂದರು. ಆ ಗಲಾಟೆಯಲ್ಲಿ ನಾವೆಲ್ಲ ಒಳಗೆ ನುಗ್ಗಿದೆವು. ಬಾಗಿಲು ತಟ್ಟಲಿಲ್ಲ, ಕೆಮ್ಮಲಿಲ್ಲ. ನಾನು ಫೋನು ಕಿವಿಗಿಟ್ಟುಕೊಂಡೇ ಎಲೆ ಎತ್ತಿದೆ. ಕಳಿಸಿಕೊಡುವ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಅದು ಆಗ ನನಗೆ ಗೊತ್ತೂ ಆಗಲಿಲ್ಲ. ನಶ್ಯದ ಡಬ್ಬಿಯ ಮುಚ್ಚಳ ತೆಗೆದಿತ್ತು. ನಾನೇ ತೆಗೆದಿಟ್ಟಿರಬೇಕು ಎಂದುಕೊಂಡೆ.

ಅತ್ತೆ ಯಾಕೆ ಅಷ್ಟು ಜೋರಾಗಿ ಕೂಗಿದರು ಎಂದು ಹೇಳದಿದ್ದರೆ ನಿಮಗೆ ಈ ಹಡಗಿನ ಮಹತ್ವ ತಿಳಿಯುವುದಿಲ್ಲ. ನಮ್ಮ ದೇವರುಗಳಿಗೆ ಎತ್ತರದ ಮೇಲೆ ಬಹಳ ಪ್ರೀತಿ. ಯಾವ ಕ್ಷೇತ್ರಕ್ಕೆ ಹೋದರೂ ಮೆಟ್ಟಿಲು. ಲಕ್ವದ ಮಾವ, ಮಂಡಿಯ ಅತ್ತೆ ಇಬ್ಬರನ್ನೂ “ನೀವು ಬಸ್ಸಲ್ಲೇ ಇರಿ, ಪ್ರಸಾದ ತತ್ತೀವಿ” ಎಂದು ಕೂರಿಸಿ ಉಳಿದವರು ಹತ್ತುತ್ತಿದ್ದರು. ಅವರಿಬ್ಬರೂ ಕಡಲೆಕಾಯಿ ಸುಲಿದುಕೊಂಡು ಕೂತಿರುತ್ತಿದ್ದರು. ಮಾವ ನಶ್ಯ ಏರಿಸಿ, ಮೇಲೆ ದೇವರು ಹೇಗಿರಬಹುದು ಎಂದು ಅತ್ತೆಗೆ ವರ್ಣಿಸುತ್ತಿದ್ದರಂತೆ. ‘ನಾ ನೋಡಿರೋ ದೇವರೆಲ್ಲ ಬಸ್ ನಿಲ್ಸೋ ಜಾಗದಲ್ಲೇ ಅವ್ರೆ’ ಎನ್ನುವುದು ಅತ್ತೆಯ ಮಾತು. ಒಂದು ಸಲ ಮಾವ ಹೇಳಿದರಂತೆ: ‘ಬೆಟ್ಟದ ಸವಾಸ ಸಾಕು ಕಣೆ. ಸುತ್ತ ನೀರಿರೋ ನೆಲ ಇರ್ತದಂತೆ, ಬರೀ ಮರ್ಳು. ಅಲ್ಲಿ ಮೆಟ್ಲೇ ಇರಕಿಲ್ಲ. ಅಲ್ಲೋಗಿ ಇಬ್ರೂ ಕುರ್ಚಿ ಆಕ್ಕೊಂಡು ಕುಂತ್ಕಬೇಕು.’ ಆಮೇಲೆ ಮಾವ ಹೋದರು. ಈಗ ಅತ್ತೆ ಬಸ್ಸಿನಲ್ಲಿ ಒಬ್ಬರೇ ಕೂರುತ್ತಾರೆ.

ನಾಗರಾಜನ ಹಡಗು ನಿಲ್ಲುವ ಜಾಗಗಳಲ್ಲಿ ಅಂಥದ್ದೊಂದು ದ್ವೀಪವೂ ಇತ್ತು.

ಅವನು ತಂದುಕೊಟ್ಟ ಹಡಗಿನ ಕಂಪನಿಯ ಕಾಗದದಲ್ಲಿ ಪ್ರತಿ ಸುತ್ತಾಟದ ಪಕ್ಕದಲ್ಲೂ ನಡೆಯುವ ಮನುಷ್ಯನ ಚಿತ್ರ. ಒಬ್ಬ ಮನುಷ್ಯನಿದ್ದರೆ ಸುಲಭ, ಮೂವರಿದ್ದರೆ ಕಷ್ಟ. ಹಡಗು ಕಟ್ಟೆಗೇ ತಾಗಿ ನಿಲ್ಲುವ ಬಂದರಿನ ಮುಂದೆ ಒಬ್ಬನೇ ಇದ್ದ. ದ್ವೀಪದ ಮುಂದೆ ಮನುಷ್ಯರೇ ಇಲ್ಲ. ಗಾಲಿ ಕುರ್ಚಿಯ ಚಿತ್ರ, ಅದರ ಮೇಲೊಂದು ಅಡ್ಡಗೀಟು. ಅಲ್ಲಿ ಹಡಗು ದೂರದಲ್ಲೇ ನಿಲ್ಲುತ್ತದಂತೆ, ಅಲ್ಲಿಂದ ಸಣ್ಣ ದೋಣಿಗೆ ಇಳಿದು ಹೋಗಬೇಕಂತೆ.

“ನಿಮ್ಮತ್ತೆ ಅವತ್ತು ಹಡಗಲ್ಲೇ ಇರಲಿ ಬುಡಕ್ಕ. ಏನಾದ್ರೂ ತಂದುಕೊಡಾನ” ಎಂದ ನಾಗರಾಜ.

ಅತ್ತೆ ಎಲೆಯಡಿಕೆ ತಟ್ಟೆಯನ್ನು ಮುಚ್ಚಿ ಪಕ್ಕಕ್ಕಿಟ್ಟರು, ಅಷ್ಟೆ. ಸಮುದ್ರಕ್ಕೆ ಹೋಗಿಯೂ ಬಸ್ಸಿನಲ್ಲೇ ಕೂರುವುದಾದರೆ ಹೋಗುವುದೇಕೆ? ನಾನು ಪಟ್ಟು ಹಿಡಿದೆ. ಕೊನೆಗೆ ಅವನು ಒಂದು ದಾರಿ ಬಿಟ್ಟ. ಕುರ್ಚಿಯವರನ್ನು ಅಲುಗಾಡುವ ನೀರಿನ ಮೇಲೆ ಹತ್ತಿಸಿ ಇಳಿಸಿದ ಅಭ್ಯಾಸ ಇದ್ದರೆ ಕಂಪನಿಯವರು ಒಪ್ಪಬಹುದು. “ಮಳವಳ್ಳಿ ಕಡೆ ಹೊಳೇಲಿ ತೆಪ್ಪ ಹತ್ತಿಸಿ, ಆಚೆ ದಡಕ್ಕೆ ಇಳಿಸಿ ತೋರಿಸು. ಅದಾದ್ರೆ ಹೆಸರು ಬರೀತೀನಿ. ಇಲ್ಲದಿದ್ರೆ ಇಲ್ಲ.” ಹೊಳೆ ತಗ್ಗುವ ತನಕ, ಅಂದರೆ ದೀಪಾವಳಿ ಕಳೆಯುವ ತನಕ ಕಾಯಬೇಕಾಯಿತು.

ಆ ಕಾಯುವ ದಿನಗಳಲ್ಲೇ ಕುರ್ಚಿ ನಡೆಯಲು ಶುರುಮಾಡಿದ್ದು.

ಮಧ್ಯಾಹ್ನ ಊಟವಾದ ಮೇಲೆ ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ಕುರ್ಚಿಯನ್ನು ನಡುಮನೆಯಲ್ಲಿ ಮಾವನವರ ಫೋಟೋದ ಕೆಳಗೆ ನಿಲ್ಲಿಸುವುದು ರೂಢಿ. ಅದರ ಎಡಗಾಲಿ ಮೊದಲಿನಿಂದಲೂ ‘ಕಿರ್ರ್’ ಎನ್ನುತ್ತದೆ, ಬ್ರೇಕು ಸಡಿಲ. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ನಾಯಿಯೂ ಬೊಗಳುವುದಿಲ್ಲ. ಒಂದು ದಿನ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಒಳಗಿನಿಂದ ‘ಕಿರ್ರ್’ ಕೇಳಿಸಿತು. ನಿಂತಿತು. ಮತ್ತೆ ‘ಕಿರ್ರ್’. ಅತ್ತೆ ಎದ್ದರೇನೋ ಎಂದು ಓಡಿ ಬಂದರೆ ಅವರು ಗೊರಕೆ ಹೊಡೆಯುತ್ತಿದ್ದಾರೆ. ಕುರ್ಚಿ ಹೊಸ್ತಿಲ ಬಳಿ, ಬೀದಿಗೆ ಮುಖ ಮಾಡಿ ನಿಂತಿದೆ; ಮಿನಿಬಸ್ಸು ಬರುವುದು ತಡವಾಯಿತು ಎನ್ನುವ ಹಾಗೆ. ಮನೆಯೊಳಗೆ ಸಣ್ಣಗೆ ನಶ್ಯದ ವಾಸನೆ. ನಾನು ರಾಮ ರಾಮ ಎಂದುಕೊಂಡು ಅದನ್ನು ಎಳೆದು ಸ್ವಸ್ಥಾನಕ್ಕೆ ಬಿಟ್ಟೆ. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಒಂದು ಸಮಾಧಾನವೆಂದರೆ ಹೊಸ್ತಿಲು ದಾಟುತ್ತಿರಲಿಲ್ಲ.

ನಮ್ಮನೆಯವರು ಗಾರೆ ಮೇಸ್ತ್ರಿ. ಅವರ ಹತ್ತಿರ ಹೇಳಿದೆ: “ನೆಲದ ವಾಟ ಬಾಗಿಲ ಕಡೆಗಿದೆ ಅಂತ ಕಾಣುತ್ತೆ, ಕುರ್ಚಿ ತಾನಾಗೇ ಜಾರುತ್ತೆ.” ನೀರು ಹರಿಯಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಎನ್ನುತ್ತಾರೆ. ಇಷ್ಟು ಹೇಳಿದ್ದೇ ತಪ್ಪಾಯಿತು. ಕುರ್ಚಿ ನಡೆದದ್ದಕ್ಕೆ ಬೆಚ್ಚದ ಮನುಷ್ಯ ಈ ಮಾತಿಗೆ ಬೆಚ್ಚಿಬಿದ್ದರು.

“ಏನಂದೆ? ನಾನ್ ಆಕಿದ ನೆಲಕ್ಕಾ? ಬಾಗ್ಲ ಕಡೆ ವಾಟ ಕೊಡಕೆ ನಾನೇನು ನಿಮ್ಮೂರ ಮೇಸ್ತ್ರಿನಾ? ಒಂದು ನಿಂಬೆಹಣ್ಣು ತಕ್ಕೊಂಬಾ!”

ನಿಂಬೆಹಣ್ಣು ತಂದೆ. ಫೋಟೋದ ಕೆಳಗಿಟ್ಟು ಕೈಬಿಟ್ಟರು. ಅದು ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ಉರುಳಿ, ನೇರವಾಗಿ ಬಚ್ಚಲಿಗೆ ಹೋಯಿತು. ಮತ್ತೆ ಬಿಟ್ಟರು. ಮತ್ತೆ ಬಚ್ಚಲಿಗೇ. ಬಾಗಿಲ ಕಡೆ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ.

“ನೋಡ್ದಾ? ನನ್ ವಾಟ ಬಚ್ಲಿಗೇ ಇರೋದು” ಎಂದು ಅವರು ಮೀಸೆ ತಿರುವಿದರು.

“ಹಾಗಾದ್ರೆ ಕುರ್ಚಿ ಯಾಕೆ ಬಾಗಿಲಿಗೆ ಹೋಗುತ್ತೆ?”

ಅವರ ಕೈ ಮೀಸೆಯ ಮೇಲೇ ನಿಂತಿತು. ಒಂದೋ ನೆಲ ಸೊಟ್ಟ, ಇಲ್ಲವೋ ಅಪ್ಪ ದೆವ್ವ. ಮೀಸೆ ಬಿಟ್ಟು, “ಅಪ್ಪನೇ ಇರಬೇಕು ಕಣೆ” ಎಂದರು. ಕುಶಲಕರ್ಮಿಯ ಮಾನ ಎಂದರೆ ಅದು.

ನಾನು ಅಷ್ಟು ಬೇಗ ಒಪ್ಪುವವಳಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ನಡುಮನೆಯ ಮೂಲೆ ಮೂಲೆಗೂ ನಿಂಬೆಹಣ್ಣು ಇಟ್ಟು ಬಿಟ್ಟು ನೋಡಿದೆ. ಹಾಗೇ ಜಗಲಿಯ ಮೇಲೂ ನೋಡೋಣ ಎಂದು ತಲೆಗೂದಲು ಬಿಚ್ಚಿಕೊಂಡೇ ಆಚೆ ಬಂದೆ. ಅಮಾವಾಸ್ಯೆಯ ಸ್ನಾನ ಮಾಡಿದ್ದೆ, ಕೂದಲು ಆರಿರಲಿಲ್ಲ. ಹಣೆಯಲ್ಲಿ ಕುಂಕುಮ ಸ್ವಲ್ಪ ದೊಡ್ಡದೇ ಇತ್ತು. ನಿಂಬೆಹಣ್ಣು ಜಗಲಿಯಿಂದ ಉರುಳಿ ಸಾಕಮ್ಮನ ರಂಗೋಲಿಯ ನಡುವೆ ಹೋಗಿ ಕೂತಿತು. ಅವರು ಪೊರಕೆ ಹಿಡಿದು ನಿಂತಿದ್ದರು.

“ಏನವ್ವಾ ಇದು? ನಾವೇನು ಮಾಡಿದ್ದೋ ನಿಂಗೆ?”

“ಇಳಿಜಾರು ನೋಡ್ತಿದ್ದೆ ಸಾಕಮ್ಮಾ, ಹಡಗಿಗೆ...”

“ಯಾವ ಅಡಗು? ನಿಂಬೆಹಣ್ಣಲ್ಲಿ ಅಡಗು ಬುಡ್ತಾರಾ? ನಂಗೆ ಯೋಳ್ಬೇಡ ಕಣವ್ವ!” ಎಂದು ಅವರು ಪೊರಕೆಯಿಂದಲೇ ಅದನ್ನು ಮೋರಿಗೆ ತಳ್ಳಿ, ಹೆಬ್ಬಾಗಿಲು ಹಾಕಿಕೊಂಡರು. ಅಂದಿನಿಂದ ನಮ್ಮ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಬರುವುದನ್ನು ಬಿಟ್ಟಿದ್ದಾರೆ. ಅದೂ ಒಂದು ಸಣ್ಣ ಕೃಪೆಯೇ.

ಗುಟ್ಟು ಒಡೆದದ್ದು ಅತ್ತೆಯಿಂದ. ಅವರಿಗೆ ಏನನ್ನೂ ಹೇಳಿರಲಿಲ್ಲ, ಹೆದರುತ್ತಾರೆ ಎಂದು. ಒಂದು ಸಂಜೆ ದೀಪ ಹಚ್ಚುತ್ತಿದ್ದಾಗ ಅವರೇ ಕೇಳಿದರು.

“ಅವತ್ತು ಎಡೆ ಕದಲಿಸ್ದಾಗ ಓಗ್ಬನ್ನಿ ಅಂತ ಯೋಳ್ದಾ ನೀನು?”

ಬೆಂಕಿಕಡ್ಡಿ ಬೆರಳ ತನಕ ಉರಿಯಿತು. ಫೋನು, ಹಡಗು, ಸಾಕಮ್ಮ, ಎಲೆ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. “ಇಲ್ಲ ಅತ್ತೆ” ಎಂದೆ.

“ಅದಕ್ಕೇ ಮತ್ತೆ. ನಿಮ್ಮಾವ ಇಲ್ಲೇ ಅವ್ರೆ.” ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೆ ಎನ್ನುವ ಹಾಗೆ ಹೇಳಿದರು. “ಅಡಗು ಅನ್ನೋ ಮಾತು ಕೇಳ್ಕಂಡವ್ರೆ. ಅದಕ್ಕೇ ದಿನಾ ಬಾಗ್ಲಿಗೋಗಿ ಕಾಯ್ತವ್ರೆ.”

“ಈಗಲೇ ಹೇಳಿ ಕಳಿಸಿಬಿಡ್ತೀನಿ ಅತ್ತೆ, ಧೂಪ ಹಾಕಿ...”

“ಸುಮ್ಕಿರು! ಇಷ್ಟು ವರ್ಸ ಬಸ್ನಲ್ಲಿ ಕುಂತಿದ್ದು ಸಾಲ್ದಾ? ಅಡಗು ನೋಡ್ಕಂಡು ಓಗ್ಲಿ. ಬಂದ ಮ್ಯಾಲೆ ಕಳಿಸಾನ.”

ಆಮೇಲೆ ನನ್ನ ಪೇಚು ನೋಡಿ. ಯೋಜನೆ ಬರೆಯಲು ಕೂತರೆ ತಲೆಯಲ್ಲಿ ಬರಬಾರದ ಪ್ರಶ್ನೆಗಳು. ಸತ್ತ ಮೇಲೂ ಲಕ್ವ ಇರುತ್ತದೆಯೇ? ಇಲ್ಲವೆಂದರೆ ಮಾವ ಕುರ್ಚಿಯನ್ನು ಯಾಕೆ ಹಿಡಿಯುತ್ತಾರೆ, ನಡೆದುಕೊಂಡೇ ಹೋಗಬಹುದಲ್ಲ? ಹೊಸ್ತಿಲಲ್ಲಿ ನಿಂತುಬಿಡುವುದು ನೋಡಿದರೆ ಮೂರು ಬೆರಳಿನ ಎತ್ತರವೂ ಅವರಿಗೆ ಹತ್ತಲಾಗುತ್ತಿಲ್ಲ. ಅಂದರೆ ದ್ವೀಪದ ಕಟ್ಟೆಯಲ್ಲಿ ಹಲಗೆ ಬೇಕೇ ಬೇಕು. ಅತ್ತೆ ಕೂತಿರುವ ಕುರ್ಚಿಯಲ್ಲೇ ಅವರೂ ಕೂರುತ್ತಾರೋ, ಬೇರೆ ಬೇಕೋ? ಕಂಪನಿಯ ಕಾಗದದಲ್ಲಿ ಇಂಥವರಿಗೆ ಎಷ್ಟು ಮನುಷ್ಯರ ಚಿತ್ರ ಹಾಕುತ್ತಾರೆ? ಪೂಜೆಗೆ ಕೂತಾಗಲೂ ಇದೇ ಯೋಚನೆ. ವಿಷ್ಣು ಸಹಸ್ರನಾಮದ ನಡುವೆ ಕಕ್ಕಸು ಎಲ್ಲಿದೆ ಎಂದು ನೆನೆದು ಕೆನ್ನೆಗೆ ಹೊಡೆದುಕೊಂಡಿದ್ದೇನೆ.

ಕಾರ್ತಿಕದಲ್ಲಿ ಹೊಳೆ ತಗ್ಗಿತು. ನಾಗರಾಜ ಬೆಳಗ್ಗೆ ಮಿನಿಬಸ್ಸು ತಂದ. ಮಳವಳ್ಳಿ ದಾಟಿ ಹೊಳೆ ದಡ ಮುಟ್ಟುವ ಹೊತ್ತಿಗೆ ಮಂಜು ಎಷ್ಟು ಕವಿದಿತ್ತೆಂದರೆ ಆಚೆ ದಡವೇ ಇರಲಿಲ್ಲ. ನೀರು ಕೂಡ ನಾಲ್ಕು ಮಾರು ದೂರದಲ್ಲಿ ಮುಗಿದುಹೋಗುತ್ತಿತ್ತು, ಅದರಾಚೆಗೆ ಬಿಳಿ. ತೆಪ್ಪದ ಮಾದಪ್ಪ ಕಂಬಳಿ ಹೊದ್ದು ಕೂತಿದ್ದ. ಗಾಲಿ ಕುರ್ಚಿಯನ್ನೂ ಅದರಲ್ಲಿದ್ದ ಅತ್ತೆಯನ್ನೂ ನೋಡಿ, “ಇದನ್ನ ಓತ್ಕಂಡು ಕಾಸಿಗೆ ಓಯ್ತಿದೀರಾ?” ಎಂದ.

“ಕಾಸಿಗಲ್ಲ ಕಣ್ಲಾ, ಸಮುದ್ರುಕ್ಕೆ” ಎಂದರು ಅತ್ತೆ, ಗತ್ತಿನಿಂದ.

ಹಲಗೆ ಹಾಕಿದೆವು. ತೆಪ್ಪ ನಿಂತ ಕಡೆ ನಿಲ್ಲುವ ವಸ್ತುವಲ್ಲ. ಗುಂಡಗಿನ ಬುಟ್ಟಿ, ಮುಟ್ಟಿದರೆ ತಿರುಗುತ್ತದೆ. ನಮ್ಮನೆಯವರು ದಡದಲ್ಲಿ ನಿಂತು ಹಲಗೆಯ ವಾಟ ಸರಿಯಿಲ್ಲ ಎಂದು ಕೂಗುತ್ತಿದ್ದರು. ಮೊದಲ ಸಲ ಕುರ್ಚಿ ಅರ್ಧಕ್ಕೆ ನಿಂತು ಹಿಂದಕ್ಕೆ ಜಾರಿತು. ಎರಡನೆಯ ಸಲ ಬ್ರೇಕು ಕೈಕೊಟ್ಟು ಅತ್ತೆಯ ಒಂದು ಕಾಲು ನೀರಿಗೆ ಬಿತ್ತು.

“ಸಾಕಕ್ಕ, ಆಗಲ್ಲ ಇದು” ಎಂದ ನಾಗರಾಜ. “ನಿಮ್ಮತ್ತೆ ಹಡಗಲ್ಲೇ ಇರಲಿ.”

ಅತ್ತೆ ಅವನ ಕಡೆ ನೋಡಲಿಲ್ಲ. ತಮ್ಮ ಹಿಂದಕ್ಕೆ, ಕುರ್ಚಿಯ ಹಿಡಿಕೆಯ ಕಡೆಗೆ ಕತ್ತು ತಿರುಗಿಸಿ, ಮೆತ್ತಗೆ, ಗಂಡನೊಡನೆ ಮಾತ್ರ ಆಡುವ ದನಿಯಲ್ಲಿ, “ಒಸಿ ತಳ್ಳಿ ಅಂದ್ರೆ” ಎಂದರು.

ನಾಗರಾಜ ಮುಂದುಗಡೆ ಹಿಡಿದಿದ್ದ. ನಾನು ಪಕ್ಕದಲ್ಲಿದ್ದೆ. ಹಿಂದೆ ಯಾರೂ ಇರಲಿಲ್ಲ. ಕುರ್ಚಿ ‘ಕಿರ್ರ್’ ಎಂದು ಹಲಗೆ ಹತ್ತಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ತೆಪ್ಪದೊಳಕ್ಕೆ ಇಳಿಯಿತು. ನಾಗರಾಜ ನನ್ನನ್ನು ನೋಡಿದ. ನಾನು ಹೊಳೆಯನ್ನು ನೋಡಿದೆ.

ನಾನೂ ನಾಗರಾಜನೂ ಹತ್ತಿದ ಮೇಲೆ ಮಾದಪ್ಪ ಹುಟ್ಟು ಹಾಕಿದ. ಮಂಜಿನೊಳಗೆ ಹೊಕ್ಕ ಮೇಲೆ ಎರಡೂ ದಡ ಇಲ್ಲವಾದವು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾದಪ್ಪ ತೆಪ್ಪದ ಅಂಚು ನೋಡಿ ಗೊಣಗಿದ: “ಅತ್ತಿರೋದು ಮೂರೇ ಜನ. ತೆಪ್ಪ ನಾಕು ಜನದ ಬಾರಕ್ಕೆ ಕುಂತದೆ.”

“ಅದರಲ್ಲಿ ಎರಡು ಜನ ನಾನೇ ಕಣಪ್ಪ, ನೀನು ಹುಟ್ಟು ಹಾಕು” ಎಂದೆ. ಮೈತೂಕ ಹೀಗೆ ಉಪಯೋಗಕ್ಕೆ ಬಂದದ್ದು ಜನ್ಮದಲ್ಲಿ ಅದೇ ಮೊದಲು.

ನಡುಹೊಳೆಯಲ್ಲಿ ಅವನು ಒಂದೇ ಸಮನೆ ಸೀನಿದ. “ಯಾರವ್ವಾ ಅದು ನಸ್ಯ ಏರಿಸ್ತಿರೋದು? ಒಳ್ಳೇ ಗಾಟು!” ನಾಗರಾಜ ಮೂಗು ಮುಚ್ಚಿಕೊಂಡ. ಅತ್ತೆ ಮಾತ್ರ ಸೆರಗಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ತೆಗೆದು ಸುಲಿಯಲು ಶುರುಮಾಡಿದರು. ಒಂದು ಬೀಜ ಬಾಯಿಗೆ ಹಾಕಿಕೊಂಡರೆ ಇನ್ನೊಂದನ್ನು ಕುರ್ಚಿಯ ತೋಳಿನ ಮೇಲೆ ಇಡುತ್ತಿದ್ದರು. ನಾನು ಕಣ್ಣು ಮುಚ್ಚಿ ಆಂಜನೇಯನನ್ನು ನೆನೆದೆ; ಸಮುದ್ರ ದಾಟಿದ ಅನುಭವ ಇರುವವನು ಅವನೊಬ್ಬನೇ. ಕಣ್ಣು ಬಿಟ್ಟಾಗ ಕುರ್ಚಿಯ ತೋಳು ಖಾಲಿ ಇತ್ತು. ತೆಪ್ಪ ತಿರುಗಿದಾಗ ಬಿದ್ದಿರಬೇಕು ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಆಚೆ ದಡದಲ್ಲಿ ಮರಳು. ಹಲಗೆ ಇಳಿಸಿ, ಕುರ್ಚಿ ಇಳಿಸಿ, ಅತ್ತೆಯನ್ನು ಮರಳಿನ ಮೇಲೆ ತಂದು ನಿಲ್ಲಿಸಿದೆವು. ಅವರು ಚಪ್ಪಲಿ ಬಿಚ್ಚಿಸಿಕೊಂಡು ಎರಡೂ ಪಾದ ಮರಳಿಗೆ ಊರಿದರು. ಸುತ್ತಲೂ ಮಂಜು, ಮಂಜಿನಲ್ಲಿ ನೀರು. ಒಂದು ಮೆಟ್ಟಿಲೂ ಇರಲಿಲ್ಲ. “ಇಂಗೇ ಇರ್ತದೇನೋ ಅಲ್ಲೂವೆ” ಎಂದರು. ಅದು ನನಗೆ ಹೇಳಿದ್ದಲ್ಲ.

ನಾಗರಾಜ ಅಲ್ಲೇ ನಿಂತು ಫೋನು ಮಾಡಿ ದ್ವೀಪದ ಪಟ್ಟಿಗೆ ದೇವೀರಮ್ಮನವರ ಹೆಸರು ಸೇರಿಸಿದ. ಕಂಪನಿಯವರು ಒಪ್ಪಿದರು. ನಾನು ಪಕ್ಕದಲ್ಲಿ ನಿಂತು, “ದೋಣೀಲಿ ಅವರ ಪಕ್ಕ ಒಂದು ಸೀಟು ಖಾಲಿ ಇಡೋಕೆ ಹೇಳು” ಎಂದೆ. “ಯಾರಿಗಕ್ಕಾ?” ಎಂದ. “ಕೇಳಬೇಡ, ಇಡಿಸು” ಎಂದೆ. ಅವನು ಕುರ್ಚಿಯ ಹಿಡಿಕೆಯನ್ನೊಮ್ಮೆ ನೋಡಿ ಇಡಿಸಿದ.

ಬ್ರೇಕು ರಿಪೇರಿಗೆಂದು ಕುರ್ಚಿಯನ್ನು ಅವನು ಬಸ್ಸಿನಲ್ಲೇ ಮಂಡ್ಯಕ್ಕೆ ಒಯ್ದ. ಮದ್ದೂರಿನಲ್ಲಿ ನಮ್ಮನ್ನು ಇಳಿಸಿದಾಗ ನಮ್ಮನೆಯವರು ಅತ್ತೆಯನ್ನು ಎತ್ತಿಕೊಂಡೇ ಒಳಗೆ ಬಂದು ಮಂಚದ ಮೇಲೆ ಮಲಗಿಸಿದರು. ನಾನು ಎಲ್ಲರ ಕಾಲು ತೊಳೆಸಿ, ನಡುಮನೆ ಗುಡಿಸಿ, ಒರೆಸಿ, ದೀಪ ಹಚ್ಚಿದೆ.

ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಹೊಸ್ತಿಲಿನಿಂದ ಮಾವನವರ ಫೋಟೋದ ಕೆಳಗಿನವರೆಗೆ ಮರಳು. ಹರಡಿದ್ದಲ್ಲ, ಒಂದರ ಪಕ್ಕ ಒಂದು, ಎರಡು ನೇರ ಗೆರೆ. ಕುರ್ಚಿ ಇದ್ದದ್ದು ಮಂಡ್ಯದಲ್ಲಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆದರೆ ನಿಜ ಹೇಳಬೇಕೆಂದರೆ, ಹೊಸ್ತಿಲು ದಾಟುವುದು ಕೊನೆಗೂ ಅವರಿಗೆ ಅಭ್ಯಾಸವಾಯಿತಲ್ಲ ಎಂದು ಒಂದು ನೆಮ್ಮದಿ. ದ್ವೀಪದಲ್ಲಿ ಹಲಗೆಯ ಚಿಂತೆ ತಪ್ಪಿತು. ಅದರ ಹಿಂದೆಯೇ ಸಿಟ್ಟೂ ಬಂತು. ಹಿಂದಿನ ಸಂಜೆ ತಾನೆ ಒರೆಸಿದ ನೆಲ!

“ಕಾಲು ಒದರಿಕೊಂಡು ಬರಬಾರದಾ ಮಾವಾ?” ಎಂದು ಫೋಟೋಗೆ ಜೋರು ಮಾಡಿ, ನಾನು ಬಕೆಟ್ಟಿಗೆ ನೀರು ತುಂಬಿಸಿ ಒರೆಸುವ ಬಟ್ಟೆ ಹಿಂಡಿದೆ. ನಾಳೆ ಸಮುದ್ರದ ಉಪ್ಪು ನೀರು ತಂದರೂ ಒರೆಸಬೇಕಾದವಳು ನಾನೇ ತಾನೆ. ನೀರು ಎರಡೂ ಗೆರೆಗಳನ್ನು ತೊಳೆದುಕೊಂಡು, ನಮ್ಮನೆಯವರು ಕೊಟ್ಟ ವಾಟದಂತೆ, ತೆಪ್ಪಗೆ ಬಚ್ಚಲಿಗೆ ಹೋಯಿತು.